ಗೋಡೆಯ ಮೇಲಿನ ಅಂಕಿ

“ಹೊಳೆ ಹನ್ನೆರಡು ಅಡಿ ಅಂದ್ರೆ, ಈ ಮುದುಕ ಇಪ್ಪತ್ತು ಕೋಟಿ ಅಂತಾನಲ್ಲಮ್ಮ!” ಅಣೆಕಟ್ಟಿನ ಆಪರೇಟರ್ ಹಳೆಯ ಕಂಪ್ಯೂಟರಿನ ತಲೆ ತಟ್ಟಿದ.

ಪ್ರೋಗ್ರಾಮರ್ ಹುಡುಗಿ ನಗಲಿಲ್ಲ. ನೀರು ಹದಿಮೂರು ಮುಟ್ಟಿದೊಡನೆ ಗೇಟು ತಾನೇ ತೆರೆಯಬೇಕು, ಇಲ್ಲದಿದ್ದರೆ ಕಟ್ಟೆ ಒಡೆದೀತು, ಕೆಳಗೆ ಊರಿದೆ. ಇಂಥ ಅಸಂಬದ್ಧ ಸಂಖ್ಯೆ ಬಂದರೆ ಗೇಟು ಅಲುಗುವುದೇ ಇಲ್ಲ. ಹೊಳೆಯಲ್ಲಿ ಮಟ್ಟ ಅಳೆಯುವ ಹೊಸ ಯಂತ್ರ ಸಂಖ್ಯೆಯನ್ನು ಯಂತ್ರಭಾಷೆಯ ನಾಲ್ಕು ತುಣುಕು ಮಾಡಿ ಒಂದು ತುದಿಯಿಂದ ಜೋಡಿಸಿ ಕಳಿಸಿದರೆ, ಮುದುಕ ಇನ್ನೊಂದು ತುದಿಯಿಂದ ಓದುತ್ತಿದ್ದ. ಅವಳ ಕಣ್ಣು ಕಿಟಕಿಯಾಚೆ, ನೀರಿನ ಮಟ್ಟ ನೋಡಲೆಂದು ಕಲ್ಲುಗೋಡೆಗೆ ಯಾರೋ ಎಂದೋ ಬಳಿದಿದ್ದ ಬಿಳಿ ಅಂಕಿಗಳ ಮೇಲೆ ನೆಟ್ಟಿತು. ಯಾರು ಬಂದರೂ ಓದಬಹುದಾದ ಅಂಕಿಗಳು.

“ಅಣ್ಣಾ, ಯಂತ್ರ ಹಾಗೇ ಕಳಿಸೋ ಥರ ಮಾಡ್ತೀನಿ. ಗೋಡೆ ಮೇಲೆ ಬರೆದ ಹಾಗೆ, ಒಂದೊಂದೇ ಅಂಕಿ.”

“ನಿಧಾನ ಆಗಲ್ವಾ?”

“ಹೊಳೆಗಿಂತ ಬೇಗ ಹೋದ್ರೆ ಸಾಕು.”

ಅವಳು ಯಂತ್ರದ ಪ್ರೋಗ್ರಾಮ್ ತಿದ್ದಿದಳು. ಪರದೆಯ ಮೇಲೆ ಹನ್ನೆರಡು ಮೂಡಿತು. ಇಬ್ಬರೂ ನೋಡನೋಡುತ್ತಿದ್ದಂತೆ ಹದಿಮೂರಾಯಿತು. ಆಪರೇಟರ್ ಕಿಟಕಿಗೆ ಓಡಿದ. ಗೋಡೆಯ ಹದಿಮೂರಕ್ಕೆ ನೀರು ಆಗಷ್ಟೇ ತಾಗಿತ್ತು. ಕಾಲಡಿಯಲ್ಲಿ, ಯಾರ ಕೈಯೂ ಸೋಕದೆ, ಕಬ್ಬಿಣದ ಗೇಟು ನರಳುತ್ತ ಮೇಲೆದ್ದಿತು.

“ಅಮ್ಮಾ,” ಎಂದ ಅವನು ಪಿಸುದನಿಯಲ್ಲಿ, “ಮುದುಕನಿಗೆ ಅರ್ಥ ಆಯ್ತು.”