ಎಂಜಿನ್ನಿನ ಕಿವಿ

ರಾತ್ರಿಯೆಲ್ಲ ಕಿಟಕಿ ಬಡಿದ ಗಾಳಿ ಆ ಬೆಳಿಗ್ಗೆ ಹೇಳದೆ ಕೇಳದೆ ನಿಂತುಬಿಟ್ಟಿತ್ತು. ಒಣಹಾಕಿದ ಬಟ್ಟೆ ಕೂಡ ಅಲುಗುತ್ತಿರಲಿಲ್ಲ. ಹೊಲಿಗೆಯವಳು ಕರವಸ್ತ್ರದ ಗಂಟು ಬಿಚ್ಚಿ, ಅಂಗೈಯಗಲದ ಎಂಜಿನ್ನೊಂದನ್ನು ಗಂಡನ ಅಕ್ಕನ ಕೆಲಸದ ಮೇಜಿನ ಮೇಲಿಟ್ಟಳು. ಮೈದಾನದಲ್ಲಿ ಹಾರಿಸುವ ಪುಟ್ಟ ಮಾದರಿ ವಿಮಾನದ್ದು. ಮರದ ಚೌಕಟ್ಟಿಗೆ ಬೋಲ್ಟು ಹಾಕಿ ಕೂರಿಸಲು ಅದಕ್ಕಿದ್ದ ಎರಡು ಕಿವಿಗಳಲ್ಲಿ ಒಂದು ಮುರಿದಿತ್ತು.

"ಬೆಸುಗೆ ಹಾಕಿಸ್ಕೊಂಡು ಬಾ ಅಂದ್ರು ನಿಮ್ಮ ತಮ್ಮ."

"ಅವನಿಗೇನು, ಅಂದ. ಇಷ್ಟು ತೆಳು ಮೈಗೆ ಬೆಂಕಿ ತೋರಿಸಿದ್ರೆ ಸೊಟ್ಟಗಾಗುತ್ತೆ. ಹೊಸ ಕಿವೀನೇ ಮಾಡಿ ಕೂರಿಸ್ಬೇಕು."

ಈ ಅಕ್ಕ ಮೂವತ್ತು ವರ್ಷ ಕಾರ್ಖಾನೆಯಲ್ಲಿ ಅರ ಹಿಡಿದು ಲೋಹ ಉಜ್ಜಿದವಳು. ಎಲ್ಲರ ಬಾಯಲ್ಲೂ ಅರದಕ್ಕ. ಕೆಲಸಕ್ಕೆ ಮೊದಲು ಯಾವಾಗಲೂ ಮಾಡುವಂತೆ, ದೇವರ ಮುಂದೆ ನಿಂತವಳ ಹಾಗೆ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಅಲ್ಯೂಮಿನಿಯಂ ತುಂಡೊಂದನ್ನು ಅಲುಗದಂತೆ ಹಿಡಿಯುವ ವೈಸಿನ ದವಡೆಗೆ ಕಚ್ಚಿಸಿ, ಅರವನ್ನು ಇವಳತ್ತ ಚಾಚಿದಳು. "ನೀನೇ ಉಜ್ಜು."

"ಬೇಡಕ್ಕ. ನಾನು ಹಾರಿಸ್ತಿದ್ದ ವಿಮಾನ ಬಿದ್ದಾಗ, ಇವಳ ಕೈ ನಡುಗಿತು ಅಂತ ಮೈದಾನದಲ್ಲಿ ಎಲ್ಲರ ಎದುರಿಗೇ ಹೇಳಿಬಿಟ್ರು. ಅವತ್ತಿಂದ ನಾನು ರಿಮೋಟ್ ಕಂಟ್ರೋಲ್ ಮುಟ್ಟಿಲ್ಲ."

"ಅವನು ಹೇಳಿದ್ದು ಹಾಗಿರ್ಲಿ. ಅರ ಏನು ಹೇಳುತ್ತೋ ಕೇಳೋಣ."

ಗಾಜಿನ ಹಲಗೆಗೆ ನೀಲಿ ಬಣ್ಣ ತೆಳ್ಳಗೆ ಸವರಿ, ತುಂಡನ್ನು ಅದರ ಮೇಲೆ ಆಡಿಸಿದರೆ ಉಬ್ಬಿದ ಕಡೆ ಮಾತ್ರ ನೀಲಿ ಹತ್ತುತ್ತದೆ. ಆ ನೀಲಿಯನ್ನು ಅರದಿಂದ ತೆಗೆಯಬೇಕು; ಮತ್ತೆ ಗಾಜಿಗೆ, ಮತ್ತೆ ಅರಕ್ಕೆ. ಮೊದಮೊದಲು ಎರಡು ಮೂಲೆಗಷ್ಟೇ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ತುಂಡಿನ ಇಡೀ ಮುಖ ಒಂದೇ ಸಮ ನೀಲಿಯಾಗಿ ಎದ್ದುಬಂತು.

ಅರದಕ್ಕ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಇಷ್ಟು ಸಮ ಬರೋಕೆ ನನಗೆ ಎರಡು ವರ್ಷ ಹಿಡೀತು ಕಣೇ. ಇದು ನಡುಗೋ ಕೈ ಅಂತೆ!"

ಆಗಲೇ ಗಂಡ ಬಂದ. "ಇನ್ನೂ ಆಗಿಲ್ವಾ? ಬೆಸುಗೆ ಆಗಿದ್ರೆ ಹತ್ತು ನಿಮಿಷ."

"ಬಾರೋ ಜಾಣಪ್ಪ." ಅಕ್ಕ ಭೂತಗನ್ನಡಿ ಕೊಟ್ಟಳು. "ಮುರಿದ ಜಾಗ ನೋಡು. ಅರ್ಧ ಬೆಳ್ಳಗೆ ಹೊಳೀತಿದೆ, ಅದು ಅವತ್ತು ಮುರಿದದ್ದು. ಇನ್ನರ್ಧ?"

"ಕಪ್ಪಗಿದೆ."

"ಸುಟ್ಟ ಎಣ್ಣೆ. ಎಣ್ಣೆ ಒಳಗಿಳಿದು ಹಾಗೆ ಕಪ್ಪಾಗ್ಬೇಕಾದ್ರೆ ಬಿರುಕು ಎಷ್ಟು ಹಳೇದು? ಬೀಳೋಕೆ ಎಷ್ಟೋ ಮೊದಲೇ ಕಿವಿ ಸೀಳಿತ್ತು. ಮೇಲೆ ಹೋದ್ಮೇಲೆ ಎಂಜಿನ್ನೇ ವಾಲಿಕೊಂಡ್ರೆ ಹಾರಿಸೋಳು ಏನು ಮಾಡ್ತಾಳೆ? ಬೋಲ್ಟು ಬಿಗಿಯೋರು ಯಾರಪ್ಪ ನಿಮ್ಮನೇಲಿ?"

ಅವನು ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟ. ಬಿಗಿದಷ್ಟೂ ಭದ್ರ ಎಂಬುದು ಅವನ ವೇದವಾಕ್ಯ. ಸ್ಪ್ಯಾನರನ್ನು ಹೆಂಡತಿಗೂ ಮುಟ್ಟಗೊಡುತ್ತಿರಲಿಲ್ಲ.

"ಹಸು ನಮ್ಮದೇ ಅಂತ ಹಗ್ಗ ಬಿಗಿದ್ರೆ ಅದರ ಕೊರಳು ತಡೆಯುತ್ತೇನೋ?" ಎಂದವಳೇ ಅಕ್ಕ ಗರಗಸ ತೆಗೆದುಕೊಂಡು ಮುರಿದ ಬುಡವನ್ನು ನೆಟ್ಟಗೆ ಕೊಯ್ದಳು. ಹೊಸ ಕಿವಿ ಅಲ್ಲಿ ಕೂತಿತು. ಎರಡು ಸಣ್ಣ ಸ್ಕ್ರೂ, ಸಂದಿಗೆ ಒಂದಿಷ್ಟು ಅಂಟು.

ಅಂಟು ಆರಲು ಒಂದು ದಿನ ಬಿಟ್ಟು, ಮರುದಿನ ಸಂಜೆ ಎಂಜಿನ್ನನ್ನು ವಿಮಾನಕ್ಕೆ ಕೂರಿಸಿಕೊಂಡು ಗಂಡ ಹೆಂಡತಿ ಮೈದಾನಕ್ಕೆ ಹೋದರು. ಎಂಜಿನ್ನು ಒಂದೇ ಏಟಿಗೆ ಹತ್ತಿಕೊಂಡಿತು. ಎಂದಿನ ನಾಲ್ಕಾರು ಜನ ಸುತ್ತ ಸೇರಿದ್ದರು.

"ಇವತ್ತು ನೀವೇ ತಾನೇ ಹಾರಿಸೋದು?" ಎಂದು ಗಂಡನನ್ನು ಕೇಳಿದ ಒಬ್ಬ, ಅವಳ ಕಡೆ ಕಣ್ಣು ಹಾಯಿಸಿ. "ಅಲ್ಲಾಂದ್ರೆ ಹೇಳಿ, ಈಗಲೇ ಮರದ ಹಿಂದೆ ಹೋಗಿ ನಿಲ್ತೀನಿ."

ಒಂದಿಬ್ಬರು ನಕ್ಕರು.

"ಅವತ್ತು ಬೀಳಿಸಿದ್ದು ಇವಳಲ್ಲ," ಎಂದ ಗಂಡ, ಎಂಜಿನ್ನಿನ ಸದ್ದಿನ ಮೇಲೂ ಎಲ್ಲರಿಗೂ ಕೇಳುವಂತೆ. "ಬೋಲ್ಟು ಬಿಗಿದು ಕಿವಿ ಸೀಳಿದ್ದು ನಾನು. ಹೊಸ ಕಿವಿ ಮಾಡಿದ್ದು ಇವಳು."

ಕಂಟ್ರೋಲನ್ನು ಪಟ್ಟಿ ಸಮೇತ ಕೊರಳಿನಿಂದ ತೆಗೆದು, ಎರಡೂ ಕೈಯಲ್ಲಿ ಹಿಡಿದು ಹೆಂಡತಿಗೆ ಕೊಟ್ಟ. ಕೊಟ್ಟು, ಹಿಂದೆ ಸರಿದು, ನೋಡುವವರ ಸಾಲಿನಲ್ಲಿ ಹೋಗಿ ನಿಂತ.