ಈಗಷ್ಟೇ ಹೊರಗೆ ಹೋದರು

"ಸರ್ ಈಗಷ್ಟೇ ಹೊರಗೆ ಹೋದರಮ್ಮ" ಎಂದು ಅಟೆಂಡರ್ ಹೇಳಿ ಮುಗಿಸುವಷ್ಟರಲ್ಲೇ ಹುಡುಗಿ ಕೋಣೆಯೊಳಗೆ ನುಗ್ಗಿ, ಮೇಜಿನ ಮೇಲಿದ್ದ ಅರ್ಧ ಕಪ್ ಚಹಾಕ್ಕೆ ಬೆರಳು ಅದ್ದಿದಳು. "ಬೆಚ್ಚಗಿದೆ! ಆರು ಕ್ಯಾಂಪಸ್ ಸುತ್ತಿ ಬಂದಿದೀನಿ. ಆರು ಕಡೆನೂ ಅರ್ಧ ಕಪ್ಪೇ, ಆರು ಕಡೆನೂ ಇಷ್ಟೇ ಬಿಸಿ. ಇದು ಏಳನೇದು, ಇನ್ನು ಬೇರೆ ಇಲ್ಲ. ನಿಜ ಹೇಳಿ ಮಾಮ, ಸರ್ ಎಲ್ಲಿ?"

ಅಟೆಂಡರ್ ಗಡಿಯಾರ ನೋಡಿದ. ನಾಲ್ಕೂ ಇಪ್ಪತ್ತು. ಅವಳು ಎದೆಗವುಚಿಕೊಂಡಿದ್ದ ಪಿಎಚ್.ಡಿ. ಪ್ರಬಂಧ, ಮಾರ್ಗದರ್ಶಕರಾದ ಸರ್ ಅವರ ಸಹಿಯೊಂದಿಗೆ ಐದು ಗಂಟೆಯೊಳಗೆ ಕೆಳಗಿನ ಕಚೇರಿ ಸೇರದಿದ್ದರೆ ನೋಂದಣಿ ರದ್ದು. ಐದು ವರ್ಷ ದುಡಿದದ್ದೆಲ್ಲ ನೀರಿನಲ್ಲಿ ಹೋಮ.

ಏಳು ಊರಿನ ಏಳು ಕ್ಯಾಂಪಸ್‌ನಲ್ಲೂ ಆ ಮಹಾ ವಿಜ್ಞಾನಿಗೆ ಒಂದೊಂದು ಕೋಣೆ. ಹೆಬ್ಬಾಗಿಲಲ್ಲಿ ಲಾರಿಯಷ್ಟು ದೊಡ್ಡ ಭಾವಚಿತ್ರ, ಒಳಗೆ ಕುರ್ಚಿಯ ಬೆನ್ನಿಗೆ ಕೋಟು. ಏಳೂ ಕೋಟು ಒಬ್ಬನೇ ದರ್ಜಿ ಹೊಲಿದದ್ದು. ಚಹಾ ಗಂಟೆಗೊಮ್ಮೆ ಬದಲಿಸಬೇಕು, ತೆರೆದಿಟ್ಟ ಪುಸ್ತಕದ ಹಾಳೆ ದಿನಕ್ಕೊಂದರಂತೆ ತಿರುವಬೇಕು, ಫ್ಯಾನ್ ನಿಲ್ಲಕೂಡದು, ಯಾರು ಕೇಳಿದರೂ ಆ ಒಂದೇ ಮಾತು ಹೇಳಬೇಕು. ಎಲ್ಲವೂ 'ವಿದ್ವಾಂಸರ ಸಾನ್ನಿಧ್ಯ ನಿರ್ವಹಣೆ' ಎಂಬ ಸುತ್ತೋಲೆಯಲ್ಲೇ ಇದೆ. ಹೋದ ವರ್ಷ ಏಳು ಕೋಣೆಗಳಲ್ಲಿ ಮೊದಲ ಬಹುಮಾನ ಬಂದದ್ದು ನಮ್ಮ ಅಟೆಂಡರನ ಕೋಣೆಗೇ. ಪ್ರಶಸ್ತಿಪತ್ರಕ್ಕೆ ಸಹಿ ಹಾಕಿದ್ದವರೂ ಈಗಷ್ಟೇ ಹೊರಗೆ ಹೋಗಿದ್ದರು.

ಇವತ್ತು ಮಾತ್ರ ಆ ಮಾತು ಎರಡನೇ ಸಲ ಬಾಯಿಂದ ಹೊರಡಲಿಲ್ಲ. ಹುಡುಗಿಯ ಕಣ್ಣು ಕೆಂಪಾಗಿತ್ತು.

"ಸರ್ ಬಿಟ್ಟು ಹೋಗಿ ಮೂರು ವರ್ಷ ಆಯ್ತಮ್ಮ. ಬೇರೆ ಯೂನಿವರ್ಸಿಟಿ ಸೇರ್ಕೊಂಡ್ರು. ಅಲ್ಲಿ ಒಂಬತ್ತು ಕ್ಯಾಂಪಸ್ ಅಂತೆ."

"ಮತ್ತೆ ನನ್ನ ಮೇಲ್‌ಗಳಿಗೆ ಉತ್ತರ ಕೊಡ್ತಿದ್ದೋರು?"

"ಕಂಪ್ಯೂಟರ್ರು. 'ಚೆನ್ನಾಗಿದೆ, ಮುಂದುವರಿಸಿ' ಅಂತ ತಾನೇ?"

"ಅಜ್ಜಿ ತೀರ್ಕೊಂಡ್ರು, ಒಂದು ವಾರ ರಜೆ ಬೇಕು ಅಂತ ಬರೆದಿದ್ದೆ. ಅದಕ್ಕೂ 'ಚೆನ್ನಾಗಿದೆ, ಮುಂದುವರಿಸಿ' ಅಂತಾನೇ ಬಂತು" ಎಂದು ಅವಳು ಅತ್ತ ಹಾಗೆ ನಕ್ಕಳು. "ಈಗೇನು ಮಾಡ್ಲಿ ಮಾಮ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೇ ಪರಾರಿ, ಉಳಿದವನು ಪೂಜಾರಿಯೊಬ್ಬನೇ. ಮೇಜಿನ ಡ್ರಾಯರ್‌ನಲ್ಲಿ ಸರ್ ಸಹಿಯ ರಬ್ಬರ್ ಮೊಹರು ಇತ್ತು, ಬೀಗದ ಕೈ ಅವನ ಸೊಂಟದಲ್ಲಿತ್ತು. ಪ್ರಧಾನ ಕಚೇರಿಯ ಆದೇಶವಿಲ್ಲದೆ ಒತ್ತಿದ್ದು ಗೊತ್ತಾದರೆ ಕೆಲಸಕ್ಕೆ ಸಂಚಕಾರ. ಆದದ್ದಾಗಲಿ ಎಂದುಕೊಂಡು ಡ್ರಾಯರ್ ಎಳೆದ. ಮೊಹರಿನ ಜೊತೆಗೆ ದಪ್ಪ ಕಟ್ಟೊಂದನ್ನೂ ಹೊರಗಿಟ್ಟ. ಹೋದ ತಿಂಗಳು ಅವಳೇ ಸರ್ ವಿಳಾಸಕ್ಕೆ ಕಳಿಸಿದ್ದ ಪ್ರತಿ ಅದು. ನಡುನಡುವೆ ಗುರುತಿಗೆಂದು ಬಸ್ ಟಿಕೆಟ್ ಸಿಕ್ಕಿಸಿತ್ತು.

"ನೂರಾ ಹನ್ನೆರಡನೇ ಪುಟದಲ್ಲಿ, ನಿಮ್ಮ ಫಿಲ್ಟರ್‌ನಿಂದ ಬಂದ ನೀರಲ್ಲಿ ಸೀಸ ಹದಿನಾಲ್ಕು ಅಂತ ಬರ್ದಿದೀರಿ. ನೂರಾ ಮೂವತ್ತರಲ್ಲಿ ಅದೇ ನೀರಿಗೆ ನಲವತ್ತೊಂದು ಅಂತಿದೆ. ಯಾವುದು ಸರಿ?"

ಹುಡುಗಿ ಮೊದಲು ಅವನನ್ನು, ಆಮೇಲೆ ಪುಟವನ್ನು ನೋಡಿದಳು. "ಟೈಪ್ ಮಾಡೋವಾಗ ಹಿಂದೆಮುಂದೆ ಆಗಿರುತ್ತೆ. ಹದಿನಾಲ್ಕೇ ಇರ್ಬೇಕು."

"ಇರ್ಬೇಕು ಅಂದ್ರೆ ಹೇಗಮ್ಮ? ಹದಿನೈದು ದಾಟಿದ್ರೆ ಮಕ್ಕಳಿಗೆ ಕುಡಿಸಬಾರದು ಅಂತ ನೀವೇ ಬರ್ದಿದೀರಿ."

"ಮಾಮ, ನಾಲ್ಕೂ ನಲವತ್ತಾಯ್ತು. ಮೊದಲು ಒತ್ತಿ, ನಿಮ್ಮ ದಮ್ಮಯ್ಯ!"

ಅವನು ಮೊಹರನ್ನು ಶಾಯಿಗೆ ಒತ್ತಿದ. ಹಾಳೆಯ ಮೇಲೆ ತಂದವನು ಅಲ್ಲೇ ತಡೆದ. ಎರಡಕ್ಷರ ಓದಿದ ತಾನು, ಹೆಬ್ಬೆರಳಿನಷ್ಟು ರಬ್ಬರ್ ಹಿಡಿದುಕೊಂಡು, ಈ ಮಗುವಿನ ದಾರಿಗೆ ಅಡ್ಡ ನಿಂತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಕೈ ಕೆಳಗಿಳಿಯಲಿಲ್ಲ.

"ಲ್ಯಾಬ್ ನೋಟ್‌ಬುಕ್ ನಿಮ್ಮ ಬ್ಯಾಗಿಂದ ಇಣುಕ್ತಾ ಇದೆಯಲ್ಲ. ಒಂದು ಸಲ ನೋಡ್ಬಿಡಿ."

"ನೋಡಿದಾಗ ನಲವತ್ತೊಂದೇ ಇದ್ರೆ? ಕೊನೇ ಅಧ್ಯಾಯ ಪೂರ್ತಿ ಬಿದ್ದೋಗುತ್ತೆ, ಗೊತ್ತಾ?" ಅವಳ ದನಿ ಕಾರಿಡಾರ್ ತುಂಬ ಮೊಳಗಿತು. "ಕೆಳಗೆ ಸೀಲ್ ಇದೆಯಾ ಅಂತ ನೋಡ್ತಾರೆ, ಕಪಾಟಲ್ಲಿಟ್ಟು ಬೀಗ ಹಾಕ್ತಾರೆ, ಅಷ್ಟೇ! ಏಳು ಕ್ಯಾಂಪಸ್‌ನಲ್ಲಿ ಒಬ್ಬರಾದ್ರೂ ಇದನ್ನ ಓದ್ತಾರಾ?"

"ನಾನು ಓದಿದೀನಲ್ಲಮ್ಮ" ಎಂದ ಅಟೆಂಡರ್.

ಹುಡುಗಿ ಬಾಗಿಲ ಕಡೆ ನೋಡಿದಳು, ಗಡಿಯಾರದ ಕಡೆ ನೋಡಿದಳು. ಕೊನೆಗೆ ಮೂರು ವರ್ಷದಿಂದ ಯಾರೂ ಕೂರದ ಆ ಕುರ್ಚಿಯನ್ನು ಎಳೆದುಕೊಂಡು ಕೂತು, ಬ್ಯಾಗಿನಿಂದ ನೋಟ್‌ಬುಕ್ ಹೊರತೆಗೆದಳು.

"ಯಾವ ಪುಟ ಅಂದ್ರಿ, ಸರ್?"