ಸ್ಕ್ರೂ ತಿರುಗಿಸುವ ನಾಣ್ಯ

“ತಡಿಯೇ, ಅದನ್ನ ಇಲ್ಲಿ ಕೊಡು.”

ಹೊಲಿಗೆ ಯಂತ್ರದ ಸ್ಕ್ರೂ ಬಿಗಿಮಾಡುತ್ತಿದ್ದ ಹೆಂಡತಿಯ ಕೈಯಿಂದ ಅವನು ನಾಣ್ಯ ಕಿತ್ತುಕೊಂಡು ಭೂತಗನ್ನಡಿ ಹಿಡಿದ. ಎರಡು ಲೋಹ: ಸುತ್ತ ಹಳದಿ, ನಡುವೆ ಬಿಳಿ. ಇಸವಿಯ ಕೆಳಗೆ ಪುಟ್ಟ ನಕ್ಷತ್ರ. ಅವನ ನಾಣ್ಯಗಳ ಆಲ್ಬಮ್ಮಿನಲ್ಲಿ ಆರು ವರ್ಷದಿಂದ ಖಾಲಿಯಿದ್ದ ಜಾಗ ಇದರದ್ದೇ.

“ಎಣ್ಣೆ ಡಬ್ಬಿ ಪಕ್ಕದಲ್ಲೇ ಇತ್ತು. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು ನಿಮ್ಮ ಕತೆ.”

ಅಂಚು ಸವೆದಿತ್ತು. ಸವೆದ ನಾಣ್ಯಕ್ಕೆ ನಿನ್ನೆಯವರೆಗೂ ಮೂಗು ಮುರಿಯುತ್ತಿದ್ದವನು ನಗುತ್ತಲೇ ಅದನ್ನು ಆಲ್ಬಮ್ಮಿಗೆ ಸೇರಿಸಿದ.

“ಸರಿ, ಇನ್ನು ನನ್ನ ಸ್ಕ್ರೂಗೆ ಏನು ಗತಿ?”

ಅವನು ಮೊದಲ ಪುಟ ತೆರೆದ. ಮೆತ್ತನೆ ಬಟ್ಟೆಯಲ್ಲಿ ಹಿಡಿಯದೆ ತಾನೂ ಎಂದೂ ಮುಟ್ಟದ, ಫಳಫಳ ಹೊಳೆಯುವ ನಾಣ್ಯವನ್ನು ಬರಿಗೈಯಲ್ಲೇ ತೆಗೆದು ಅವಳ ಎಣ್ಣೆ ಮೆತ್ತಿದ ಅಂಗೈ ಮೇಲಿಟ್ಟ.